ಬಾದಾಮಿಯಲ್ಲಿ ಬಂಡೆ ಹತ್ತುವ ದಿನ ಯಾವ ಬಟ್ಟೆ ಹಾಕಬೇಕು?

ಪ್ರಶ್ನೆ: ಬೆಂಗಳೂರಿನ ಒಂದು ಒಳಾಂಗಣ ಗೋಡೆಯಲ್ಲಿ ಕ್ಲೈಂಬಿಂಗ್ ಕಲಿಯಲು ಶುರು ಮಾಡಿ ಆರು ತಿಂಗಳಾಯಿತು. ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ಬಾದಾಮಿಗೆ ಹೊರಟಿದ್ದೇನೆ. ಹೊರಗಿನ ಬಂಡೆ ಹತ್ತುವುದು ಇದೇ ಮೊದಲು. ಇಲ್ಲಿ ಲೆಗ್ಗಿಂಗ್ಸ್, ಟೀ ಶರ್ಟ್ ಹಾಕುತ್ತೇನೆ. ಅಲ್ಲಿಗೂ ಅದೇ ಸಾಕಾ? ಕಾಟನ್ ಹಾಕಲೇಬಾರದು ಅಂತ ಒಬ್ಬರು ಹೇಳಿದರು. ಕ್ಲೈಂಬಿಂಗ್ ಪ್ಯಾಂಟ್ ಇಲ್ಲದೆ ಹೋಗಬೇಡಿ ಅಂತ ಇನ್ನೊಬ್ಬರು. ನನಗೆ ಮದುವೆಯಾಗಿದೆ. ತಾಳಿ, ಕಾಲುಂಗುರ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಬೀರುವಿನಲ್ಲಿ ಇರುವ ಬಟ್ಟೆಯಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಯಾವುದನ್ನು ಯಾವಾಗ ಹಾಕಬೇಕು ಅನ್ನುವುದರಲ್ಲಿ ಮಾತ್ರ ಸ್ವಲ್ಪ ಲೆಕ್ಕಾಚಾರ ಬೇಕು.

ಗೋಡೆಗೂ ಬಂಡೆಗೂ ಬಟ್ಟೆಯ ಮಟ್ಟಿಗೆ ಇರುವ ದೊಡ್ಡ ವ್ಯತ್ಯಾಸ ಕಾಯುವ ಹೊತ್ತು. ಬಾದಾಮಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಇದ್ದರೂ ನೀವು ನಿಜವಾಗಿ ಬಂಡೆ ಮೇಲೆ ಇರುವುದು ಎಲ್ಲ ಸೇರಿ ಒಂದೂವರೆ, ಎರಡು ಗಂಟೆ ಅಷ್ಟೇ. ಉಳಿದ ಹೊತ್ತೆಲ್ಲ ನಡೆಯುತ್ತೀರಿ, ಕತ್ತೆತ್ತಿ ನಿಂತು ಬಿಲೇ ಮಾಡುತ್ತೀರಿ (ಅಂದರೆ ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುತ್ತೀರಿ), ಬುಡದಲ್ಲಿ ಕೂತು ನಿಮ್ಮ ಸರದಿ ಕಾಯುತ್ತೀರಿ. ಹತ್ತುವಾಗ ಮೈ ಬೆಂಕಿ. ಇಳಿದು ನೆರಳಿನಲ್ಲಿ ಹತ್ತು ನಿಮಿಷ ನಿಂತರೆ ಬೆವರು ತಣ್ಣಗಾಗಿ ನಡುಕ. ಹೊಸಬರು ಹತ್ತುವುದನ್ನಷ್ಟೇ ಯೋಚಿಸಿ ಬಟ್ಟೆ ಆರಿಸುತ್ತಾರೆ. ಕಾಯುವವರ ಬಟ್ಟೆಯನ್ನೂ ಯೋಚಿಸಿದರೆ ಅರ್ಧ ಸಮಸ್ಯೆ ಮುಗಿಯಿತು.

ಮೊದಲು ಹವಾಮಾನ ನೋಡೋಣ. ಡಿಸೆಂಬರ್‌ನಲ್ಲಿ ಬಾದಾಮಿಯ ಬೆಳಗು ಸುಮಾರು 15-16 ಡಿಗ್ರಿ ಇರುತ್ತದೆ. ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಗಾಳಿ ಒಣ. ಅದಕ್ಕೇ ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕ್ಲೈಂಬರ್‌ಗಳು ಜಾಸ್ತಿ. ಆದರೆ ಆ ದಿನ ನಿಮಗೆ ಚಳಿಯೋ ಸೆಕೆಯೋ ಅನ್ನುವುದನ್ನು ತೀರ್ಮಾನಿಸುವುದು ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದು. ಪೂರ್ವಕ್ಕೆ ಮುಖ ಇದ್ದರೆ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು. ಪಶ್ಚಿಮಕ್ಕಿದ್ದರೆ ಅದರ ಉಲ್ಟಾ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರಕ್ಕೆ ಮುಖ ಇರುವ ಬಂಡೆಗೆ ಹೆಚ್ಚುಕಡಿಮೆ ದಿನವಿಡೀ ನೆರಳು, ದಕ್ಷಿಣದ್ದಕ್ಕೆ ದಿನವಿಡೀ ಬಿಸಿಲು. ನಿಮ್ಮ ತಂಡದಲ್ಲಿ ಬಾದಾಮಿ ಗೊತ್ತಿರುವವರನ್ನು ಕೇಳಿ: "ಬೆಳಗ್ಗೆ ಯಾವ ಕಡೆ, ಮಧ್ಯಾಹ್ನ ಯಾವ ಕಡೆ?" ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಬ್ಯಾಗಿಗೆ ಏನು ಹಾಕಬೇಕು ಅನ್ನುವುದು ಸಲೀಸು. ಒಳ್ಳೆಯ ತಂಡಗಳು ನೆರಳನ್ನೇ ಹಿಂಬಾಲಿಸುತ್ತವೆ. ಬಿಸಿಯಾದ ಬಂಡೆಯ ಮೇಲೆ ಬೆರಳು ಬೆವರಿ ಜಾರುತ್ತದೆ, ಶೂ ಕೂಡ ಸರಿಯಾಗಿ ಹಿಡಿಯುವುದಿಲ್ಲ.

ನೆರಳನ್ನು ಹಿಂಬಾಲಿಸಿದರೆ ಬಿಲೇ ಮಾಡುವವರಿಗೆ ಚಳಿ ಗ್ಯಾರಂಟಿ. ಅದಕ್ಕೆ ಒಂದು ತೆಳು ಫ್ಲೀಸ್ ಅಥವಾ ಮನೆಯ ಸ್ವೆಟರ್ ಸಾಕು. ದಪ್ಪ ಜಾಕೆಟ್ ಹೊತ್ತುಕೊಂಡು ಹೋಗಬೇಡಿ.

ಈಗ ಕಾಟನ್ ವಿಷಯ. "ಕಾಟನ್ ಬೇಡ" ಅನ್ನುವ ಮಾತು ಮಳೆ, ಹಿಮ, ಚಳಿಗಾಳಿಯ ಬೆಟ್ಟಗಳಿಂದ ಬಂದದ್ದು. ಅಲ್ಲಿ ಆ ಮಾತು ನೂರಕ್ಕೆ ನೂರು ನಿಜ. ಹತ್ತಿ ಬಟ್ಟೆ ನೀರು ಹೀರಿಕೊಂಡು ಮೈಗೆ ಅಂಟುತ್ತದೆ, ಬೇಗ ಒಣಗುವುದಿಲ್ಲ, ಮೈ ಶಾಖವನ್ನು ಎಳೆದುಕೊಳ್ಳುತ್ತದೆ. ಹಿಮಾಲಯಕ್ಕೆ ಹೋಗುವಾಗ ಖಂಡಿತ ಬೇಡ. ಆದರೆ ಒಣಹವೆಯ ಬಾದಾಮಿಯಲ್ಲಿ ಮಧ್ಯಾಹ್ನ ಅದೇ ಗುಣ ಉಪಕಾರಕ್ಕೆ ಬರುತ್ತದೆ. ಒದ್ದೆಯಾದ ಹತ್ತಿ ನಿಧಾನವಾಗಿ ಆರುತ್ತಾ ಮೈಯನ್ನು ತಂಪಾಗಿ ಇಡುತ್ತದೆ. ನನ್ನ ಮಟ್ಟಿಗೆ ಬಿಸಿಲಿನಲ್ಲಿ ನಿಲ್ಲಲು ತೆಳು ಹತ್ತಿಯ ಉದ್ದ ತೋಳಿನ ಅಂಗಿಗಿಂತ ಒಳ್ಳೆಯದು ಇಲ್ಲ. ಒಂದೇ ಷರತ್ತು: ಸಂಜೆಗೆ ಬದಲಿಸಲು ಒಣಗಿದ ಇನ್ನೊಂದು ಟೀ ಶರ್ಟ್ ಬ್ಯಾಗಿನಲ್ಲಿ ಇರಲಿ. ಬಿಸಿಲು ಇಳಿದ ಮೇಲೆ ಒದ್ದೆ ಕಾಟನ್‌ನಲ್ಲಿ ನಿಂತರೆ ಚಳಿ ಹಿಡಿಯುತ್ತದೆ.

ಪಾಲಿಯೆಸ್ಟರ್ ಟೀ ಶರ್ಟ್ ಹತ್ತುವ ಹೊತ್ತಿಗೆ ಹಗುರ, ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಹಿಡಿದುಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಆಗಬಹುದು.

ಅಂಗಿಗೆ ಕಾಲರ್ ಇದ್ದರೆ ಇನ್ನೂ ಒಳ್ಳೆಯದು. ಬಿಲೇ ಮಾಡುವಾಗ ಗಂಟೆಗಟ್ಟಲೆ ಕತ್ತೆತ್ತಿ ನೋಡುತ್ತಿರುತ್ತೀರಿ. ಗಂಟಲಿನ ಭಾಗ, ಗದ್ದದ ಕೆಳಗೆಲ್ಲ ಬಿಸಿಲಿಗೆ ಸುಡುತ್ತದೆ. ಅಲ್ಲಿಗೆ ಸನ್‌ಸ್ಕ್ರೀನ್ ಹಚ್ಚಬೇಕು ಅಂತ ಯಾರಿಗೂ ನೆನಪೇ ಇರುವುದಿಲ್ಲ. (ಹಚ್ಚುವಾಗ ಅಂಗೈ ಬಳಸದೆ ಕೈಯ ಹಿಂಬದಿಯಿಂದ ಸವರಿ. ಅಂಗೈ ಜಿಡ್ಡಾದರೆ ಬೆವರು ಹೀರುವ ಚಾಕ್ ಪುಡಿ ಹಾಕಿದರೂ ಹಿಡಿತ ಸಿಗುವುದಿಲ್ಲ.) ಕಾಲರ್‌ಗೆ ಕ್ಲೈಂಬಿಂಗ್‌ನಲ್ಲಿ ಒಂದು ಒಳ್ಳೆಯ ಕಥೆಯೇ ಇದೆ. ಅಮೆರಿಕದ ಕ್ಲೈಂಬರ್ ಇವಾನ್ ಶೂನಾರ್ಡ್ 1970ರಲ್ಲಿ ಸ್ಕಾಟ್ಲೆಂಡ್‌ಗೆ ಹೋದಾಗ ಒಂದು ರಗ್ಬಿ ಅಂಗಿ ಕೊಂಡರು. ಬಟ್ಟೆ ಗಟ್ಟಿ. ಭುಜಕ್ಕೆ ಗೇರ್ ನೇತುಹಾಕುವ ಪಟ್ಟಿ ಕುತ್ತಿಗೆಯನ್ನು ಕೊರೆಯದಂತೆ ಕಾಲರ್ ತಡೆಯುತ್ತಿತ್ತು. ಅದನ್ನು ಕಂಡ ಗೆಳೆಯರೆಲ್ಲ ತಮಗೂ ಬೇಕು ಅಂದರು. ಹತ್ತುವ ಸಲಕರಣೆ ಮಾಡುತ್ತಿದ್ದ ಅವರು ಬಟ್ಟೆ ವ್ಯಾಪಾರಕ್ಕೆ ಇಳಿದದ್ದು ಹಾಗೆ. ಪ್ಯಾಟಗೋನಿಯಾ ಕಂಪನಿ ಬೆಳೆದದ್ದು ಅಲ್ಲಿಂದ. ಕ್ಲೈಂಬರ್‌ಗಳ ಬಟ್ಟೆಯ ವ್ಯಾಪಾರ ಹೀಗೆ ಬೇರೆ ಕೆಲಸದವರ ಗಟ್ಟಿ ಬಟ್ಟೆಯಿಂದಲೂ ಬೆಳೆದಿದೆ. ನಿಮ್ಮ ಯಜಮಾನರ ಹಳೆಯ ಫುಲ್ ತೋಳಿನ ಅಂಗಿ ಸ್ವಲ್ಪ ದೊಗಲೆಯಾಗಿದ್ದರೆ ಅದನ್ನೇ ಒಯ್ಯಿರಿ.

ಪ್ಯಾಂಟ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಹೊಸಬರ ದಿನ ಕೆಡುವುದು ಇಲ್ಲೇ.

ಗೋಡೆಯಲ್ಲಿ ಲೆಗ್ಗಿಂಗ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಾದಾಮಿಯ ಮರಳುಗಲ್ಲು ಬೇರೆ. ಅಂಚುಗಳು ಚೂಪು. ಮೊಣಕಾಲು ಒಂದು ಸಲ ಉಜ್ಜಿದರೆ ತೆಳು ಲೆಗ್ಗಿಂಗ್ಸ್ ದಾರ ಎಳೆದುಕೊಳ್ಳುತ್ತದೆ. ಬಂಡೆಯ ಬುಡಕ್ಕೆ ಹೋಗುವ ದಾರಿಯಲ್ಲಿ ಮುಳ್ಳುಗಿಡಗಳು, ಒಣಹುಲ್ಲು. ಹುಲ್ಲಿನ ಮುಳ್ಳುಗಳು ಬಟ್ಟೆಗೆ ಚುಚ್ಚಿಕೊಂಡು ದಿನವಿಡೀ ಕೆರೆತ. ಹಾಗಂತ ಲೆಗ್ಗಿಂಗ್ಸ್ ಬಿಡಬೇಕಾಗಿಲ್ಲ. ದಪ್ಪನೆಯದು, ಹಳೆಯದು ಇದ್ದರೆ ಹಾಕಿ. ಅದರ ಮೇಲೆ ಒಂದು ಸಡಿಲ ಪ್ಯಾಂಟ್ ಹಾಕಿ ನಡೆದು ಹೋಗಿ, ಬೇಕಾದರೆ ಹತ್ತುವಾಗ ತೆಗೆಯಿರಿ.

ಕ್ಲೈಂಬಿಂಗ್ ಪ್ಯಾಂಟ್ ಅಂತ ಮಾರುವುದರಲ್ಲಿ ಮೂರು ವಿಶೇಷ ಇರುತ್ತದೆ: ಸ್ವಲ್ಪ ಎಳೆದರೆ ಹಿಗ್ಗುವ ಗಟ್ಟಿ ಬಟ್ಟೆ, ಸೊಂಟದಲ್ಲಿ ಬಕಲ್ ಇಲ್ಲದ ಚಪ್ಪಟೆ ಪಟ್ಟಿ, ಎರಡೂ ತೊಡೆಗಳ ನಡುವೆ ಹೊಲಿದ ವಜ್ರಾಕಾರದ ಒಂದು ತುಂಡು. ಈ ಮೂರನೆಯದೇ ಮುಖ್ಯ. ಮಾಮೂಲಿ ಪ್ಯಾಂಟ್‌ನಲ್ಲಿ ನಾಲ್ಕು ಹೊಲಿಗೆಗಳು ಒಂದೇ ಕಡೆ ಸೇರುತ್ತವೆ. ಕಾಲು ಎದೆ ಮಟ್ಟಕ್ಕೆ ಎತ್ತಿದಾಗ ಭಾರವೆಲ್ಲ ಆ ಒಂದು ಬಿಂದುವಿಗೆ ಬಿದ್ದು, ಒಂದೋ ಕಾಲು ಮೇಲೆ ಬರುವುದಿಲ್ಲ, ಇಲ್ಲ ಹೊಲಿಗೆ ಬಿಚ್ಚುತ್ತದೆ. ಆ ತುಂಡು ಹಾಕಿದರೆ ಕಾಲಿಗೆ ಜಾಗ ಸಿಗುತ್ತದೆ. ನಿಮ್ಮ ಟೈಲರ್ ಹತ್ತಿರ ಒಂದು ಹಳೆಯ ಗಟ್ಟಿ ಕಾಟನ್ ಪ್ಯಾಂಟ್ ಕೊಟ್ಟು ಅಂಗೈ ಅಗಲದ ತುಂಡು ಹಾಕಿಸಿಕೊಳ್ಳಿ. ಸಲ್ವಾರ್ ಹೊಲಿಯುವವರಿಗೆ ಇದು ಹೊಸ ಕೆಲಸವೇನೂ ಅಲ್ಲ.

ಜೀನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ತಂಡದಲ್ಲಿ ಯಾರಾದರೂ ಹಾಕಿಕೊಂಡು ಬರುತ್ತಾರೆ. ಹಿಗ್ಗುವ ಜೀನ್ಸ್ ಆದರೆ ಬೆಳಗ್ಗೆಯ ತಂಪಿಗೆ ನಡೆಯುತ್ತದೆ. ಬಿಗಿಯಾದ ಮಾಮೂಲಿ ಜೀನ್ಸ್ ಬೇಡ.

ಪ್ಯಾಂಟ್ ಯಾವುದೇ ಇರಲಿ, ಮನೆಯಲ್ಲೇ ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳಲು ಸೊಂಟ, ತೊಡೆಗೆ ಹಾಕುವ ಪಟ್ಟಿಗಳು) ಹಾಕಿಕೊಂಡು ಪರೀಕ್ಷೆ ಮಾಡಿ. ಇದನ್ನು ಬಿಡಲೇಬೇಡಿ. ಅದರ ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಗಿಂತ ಮೇಲಕ್ಕೆ ಇಟ್ಟು ಬಿಗಿ ಮಾಡಿ. ಒಂದು ಪಾದವನ್ನು ಕುರ್ಚಿಯ ಮೇಲಿಟ್ಟು ಮೊಣಕಾಲನ್ನು ಎದೆಗೆ ತನ್ನಿ. ಎರಡೂ ಕೈ ಪೂರ್ತಿ ಮೇಲೆತ್ತಿ. ಕುಕ್ಕರುಗಾಲಲ್ಲಿ ಕೂತು ಏಳಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಚುಚ್ಚುತ್ತದೆ ಗಮನಿಸಿ. ಬೆಲ್ಟ್ ಬಕಲ್ ಹಾರ್ನೆಸ್ ಕೆಳಗೆ ಸಿಕ್ಕರೆ ಹೊಟ್ಟೆಗೆ ಒತ್ತುತ್ತದೆ, ಬೆಲ್ಟ್ ತೆಗೆದುಬಿಡಿ. ಮುಂದಿನ ಜೇಬಿನಲ್ಲಿ ಕೀ ಇದ್ದರೆ ತೊಡೆ ಎತ್ತಿದಾಗ ಚುಚ್ಚುತ್ತದೆ. ಹಿಂದಿನ ಜೇಬಿನ ಮೊಬೈಲ್ ಒಂದೋ ಕೆಳಗೆ ನಿಂತವರ ತಲೆ ಮೇಲೆ ಬೀಳುತ್ತದೆ, ಇಲ್ಲ ಬಂಡೆಗೆ ಒತ್ತಿ ಒಡೆಯುತ್ತದೆ. ಜೇಬು ಖಾಲಿ ಇರಲಿ. ಒಳಉಡುಪಿನ ದಪ್ಪ ಹೊಲಿಗೆ ತೊಡೆಪಟ್ಟಿಯ ಕೆಳಗೆ ಬಂದರೆ ಸಂಜೆ ಹೊತ್ತಿಗೆ ಚರ್ಮ ಕೆಂಪಾಗುತ್ತದೆ. ಹೊಲಿಗೆ ಚಪ್ಪಟೆ ಇರುವುದನ್ನು ಹಾಕಿ. ಸ್ಪೋರ್ಟ್ಸ್ ಬ್ರಾಗೆ ಬೆನ್ನಿನ ಕಡೆ ಲೋಹದ ಕೊಂಡಿ ಬೇಡ, ಬ್ಯಾಗ್ ಹೊತ್ತಾಗ ಅದು ಬೆನ್ನಿಗೆ ಒತ್ತುತ್ತದೆ.

ಟೀ ಶರ್ಟನ್ನು ಹಾರ್ನೆಸ್ ಒಳಗೆ ಸಿಕ್ಕಿಸಿ. ಸ್ವೆಟರ್ ಹಾರ್ನೆಸ್‌ನ ಹೊರಗೆ ಇರಲಿ, ಆಗ ಹಾರ್ನೆಸ್ ಬಿಚ್ಚದೆ ತೆಗೆಯಬಹುದು. ಆದರೆ ಅದು ಗಿಡ್ಡ ಇರಬೇಕು. ಹತ್ತುವ ಮೊದಲು ನಿಮ್ಮ ಗಂಟು, ಬಕಲ್ ಎರಡನ್ನೂ ಜೊತೆಗಾರರು ಕಣ್ಣಿಂದ ನೋಡಿ ಪರೀಕ್ಷಿಸಬೇಕು. ಸ್ವೆಟರ್ ಅಂಚು ಅವನ್ನು ಮುಚ್ಚಿದರೆ ಆ ಪರೀಕ್ಷೆ ಸುಮ್ನೆ ಶಾಸ್ತ್ರಕ್ಕಾಗುತ್ತದೆ.

ಬಟ್ಟೆಯಿಂದ ನಿಜವಾದ ಅಪಾಯ ಬರುವುದು ಬಿಲೇ ಸಾಧನದ (ಹಗ್ಗವನ್ನು ತೂರಿಸಿ ತಡೆ ಹಾಕುವ ಸಾಧನ) ಹತ್ತಿರ. ರ‍್ಯಾಪ್ಲಿಂಗ್ ಮಾಡುತ್ತಾ, ಅಂದರೆ ಹಗ್ಗದ ಮೇಲೆ ಜಾರುತ್ತಾ ಇಳಿಯುವಾಗ ಅದು ಹೊಟ್ಟೆಯ ಮುಂದೆ ಇರುತ್ತದೆ. ಹಗ್ಗ ಅದರೊಳಗೆ ಜಾರುತ್ತಿರುತ್ತದೆ. ದೊಗಲೆ ಟೀ ಶರ್ಟಿನ ಅಂಚು ಅಲ್ಲಿಗೆ ತಾಗಿದರೆ ಹಗ್ಗದ ಜೊತೆಗೆ ಅದೂ ಒಳಗೆ ಹೋಗುತ್ತದೆ. ಬಟ್ಟೆ ಒಂದು ಅಂಗುಲ ಒಳಗೆ ಹೋದರೆ ಸಾಕು, ನಿಮ್ಮ ಪೂರ್ತಿ ಭಾರ ಅದರ ಮೇಲೆ ಇರುವುದರಿಂದ ಎಷ್ಟು ಎಳೆದರೂ ಬರುವುದಿಲ್ಲ. ಭಾರವನ್ನು ಬೇರೆ ಹಗ್ಗದ ಮೇಲೆ ಹಾಕಿ ಸಾಧನವನ್ನು ಸಡಿಲ ಮಾಡಿದ ಮೇಲೆಯೇ ಬಿಡುಗಡೆ. ಇದು ಗೊತ್ತಿಲ್ಲದವರು ಅಲ್ಲೇ ನೇತಾಡಬೇಕಾಗುತ್ತದೆ. ಗಾಬರಿಯಲ್ಲಿ ಚಾಕು ತೆಗೆದರೆ ಇನ್ನೂ ಅನಾಹುತ, ಭಾರ ಬಿದ್ದು ಬಿಗಿಯಾದ ಹಗ್ಗಕ್ಕೆ ಚಾಕು ತಾಗಿದರೆ ಸಾಕು, ಕಡಿದುಹೋಗುತ್ತದೆ. ಕೂದಲಿಗೂ ಇದೇ ಗತಿ. ನಿಮ್ಮ ಕೂದಲು ಉದ್ದ ಇದ್ದರೆ ಬಿಗಿಯಾಗಿ ಜಡೆ ಹೆಣೆದು ಅಂಗಿಯೊಳಗೆ ಬೆನ್ನಿಗೆ ಇಳಿಬಿಡಿ. ಹೆಲ್ಮೆಟ್ ಕೆಳಗೆ ಕ್ಲಿಪ್ ಬೇಡ. ದುಪಟ್ಟಾ, ಸ್ಟೋಲ್, ಹೂಡಿಯ (ಟೋಪಿ ಇರುವ ಸ್ವೆಟರ್) ನೇತಾಡುವ ದಾರ, ಇವೆಲ್ಲ ಬ್ಯಾಗಿನಲ್ಲೇ ಇರಲಿ.

ಇನ್ನು ಒಡವೆ. ನೀವು ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಎಷ್ಟೋ ಜನ ಸಂಕೋಚಪಟ್ಟು ಕೇಳುವುದೇ ಇಲ್ಲ.

ಕೈಬೆರಳಿನ ಉಂಗುರ ತೆಗೆಯಲೇಬೇಕು, ಇದರಲ್ಲಿ ರಾಜಿ ಇಲ್ಲ. ಬಾದಾಮಿಯ ಬಂಡೆಯಲ್ಲಿ ಬೆರಳು ತೂರಿಸುವಂಥ ಕುಳಿಗಳು ಬೇಕಾದಷ್ಟು ಇವೆ. ಕುಳಿಯ ಅಂಚಿಗೆ ಉಂಗುರ ಸಿಕ್ಕಿ ಕಾಲು ಜಾರಿದರೆ ಮೈಭಾರವೆಲ್ಲ ಆ ಉಂಗುರಕ್ಕೆ ಬೀಳುತ್ತದೆ. ಬೆರಳಿನ ಚರ್ಮವೇ ಸುಲಿದು ಬಂದ ಅಪಘಾತಗಳು ಆಗಿವೆ. ಬಳೆ, ಕಡಗ, ಸ್ಮಾರ್ಟ್‌ವಾಚ್ ಕೂಡ ಬೇಡ.

ಕಾಲುಂಗುರವನ್ನೂ ತೆಗೆಯಬೇಕು. ಕ್ಲೈಂಬಿಂಗ್ ಶೂ ಬೆರಳುಗಳನ್ನು ಮಡಚಿ ಒಂದಕ್ಕೊಂದು ಒತ್ತುತ್ತದೆ. ನಮ್ಮ ಬೆಳ್ಳಿ ಕಾಲುಂಗುರಗಳಿಗೆ ಸಾಮಾನ್ಯವಾಗಿ ಕೆಳಗೆ ಬಾಯಿ ಬಿಟ್ಟಿರುತ್ತದೆ. ಆ ಎರಡು ತುದಿಗಳು ಚರ್ಮಕ್ಕೆ ನಾಟುತ್ತವೆ, ಪಕ್ಕದ ಬೆರಳನ್ನೂ ಕೊಯ್ಯುತ್ತವೆ. ಸೆಕೆಗೆ ಬೆರಳು ಊದಿಕೊಂಡರೆ ಅಲ್ಲಿ ತೆಗೆಯಲು ಕಷ್ಟ. ಹೊರಡುವ ಹಿಂದಿನ ರಾತ್ರಿಯೇ ಸ್ವಲ್ಪ ಎಣ್ಣೆ ಹಚ್ಚಿ ತೆಗೆದಿಡಿ.

ತಾಳಿಯ ವಿಷಯದಲ್ಲಿ ತೀರ್ಮಾನ ನಿಮ್ಮದು. ತೆಗೆದು ಮನೆಯಲ್ಲಿ ಇಟ್ಟು ಬರುವುದು ಎಲ್ಲಕ್ಕಿಂತ ಸುರಕ್ಷಿತ. ಉದ್ದನೆಯ ಚಿನ್ನದ ಸರ ಸ್ಲಿಂಗ್‌ಗೋ (ಗಟ್ಟಿ ಪಟ್ಟಿಯ ಕುಣಿಕೆ) ಕ್ಯಾರಬೀನರ್‌ಗೋ (ಲೋಹದ ಕೊಂಡಿ) ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ತೆಗೆಯಲು ಮನಸ್ಸಿಲ್ಲದಿದ್ದರೆ ಒಂದು ದಾರಿ ನಮ್ಮ ಪದ್ಧತಿಯಲ್ಲೇ ಇದೆ. ಸರ ರಿಪೇರಿಗೆ ಕೊಟ್ಟಾಗ ಅರಿಶಿನ ದಾರ ಕಟ್ಟಿಕೊಳ್ಳುತ್ತಾರಲ್ವಾ, ಅದನ್ನೇ ಆ ದಿನ ಕಟ್ಟಿಕೊಳ್ಳಿ. ತೆಳು ಹತ್ತಿ ದಾರವನ್ನು ಸಡಿಲವಾಗಿ ಕಟ್ಟಿದರೆ ಎಲ್ಲಿಯಾದರೂ ಸಿಕ್ಕಿದಾಗ ದಾರವೇ ಹರಿಯುತ್ತದೆ. ಸರವನ್ನೇ ಹಾಕುವುದಾದರೆ ಒಳಗೆ ಸೇರಿಸಿ ಮೆಡಿಕಲ್ ಟೇಪ್‌ನಿಂದ ಎದೆಗೆ ಅಂಟಿಸಿ. ಪಿನ್ ಹಾಕಬೇಡಿ, ಬಿಚ್ಚಿಕೊಂಡರೆ ಚುಚ್ಚುತ್ತದೆ.

ಕ್ಲೈಂಬಿಂಗ್ ಶೂ ಒಳಗೆ ಸಾಕ್ಸ್ ಬೇಡ ಅನ್ನುವುದು ನಿಮಗೆ ಗೊತ್ತಿರುತ್ತದೆ. ಆದರೆ ಬಿಲೇ ಮಾಡುವಾಗ ಚಪ್ಪಲಿ ಹಾಕಿ ನಿಲ್ಲಬೇಡಿ. ಹತ್ತುವವರು ಬಿದ್ದಾಗ ಹಗ್ಗ ನಿಮ್ಮನ್ನು ಬಂಡೆ ಕಡೆಗೆ ಎಳೆಯುತ್ತದೆ. ಹಿಡಿತ ಇರುವ, ಬೆರಳು ಮುಚ್ಚುವ ಶೂ ಬೇಕು. ಕ್ಯಾಪ್ ಹಾಕುವುದಾದರೆ ನೆತ್ತಿಯ ಮೇಲೆ ಗುಂಡಿ ಇಲ್ಲದ ತೆಳುವಾದದ್ದು, ಅದೂ ಹೆಲ್ಮೆಟ್ ಸರಿಯಾಗಿ ಕೂರುವಂತಿದ್ದರೆ ಮಾತ್ರ. ಬೈಕ್ ಹೆಲ್ಮೆಟ್ ಇದಕ್ಕೆ ಆಗುವುದಿಲ್ಲ, ಕ್ಲೈಂಬಿಂಗ್‌ಗೆ ಅಂತಲೇ ಮಾಡಿದ್ದು ಇರಬೇಕು.

ಬ್ಯಾಗಿನಲ್ಲಿ ಒಂದು ಹಳೆಯ ಪಂಚೆ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬುಡದಲ್ಲಿ ಹಾಸಿದರೆ ಶೂವಿನ ತಳಕ್ಕೆ ಮರಳು ಅಂಟುವುದಿಲ್ಲ. ತಳದಲ್ಲಿ ಮರಳಿದ್ದರೆ ಬಂಡೆಯ ಮೇಲೆ ಜಾರುತ್ತದೆ. ಊಟದ ಹೊತ್ತಿಗೆ ತಲೆಗೆ ಹೊದೆಯಬಹುದು. ಬಟ್ಟೆ ಬದಲಿಸಲು ಅಲ್ಲಿ ರೂಮು ಇರುವುದಿಲ್ಲ. ಗೆಳತಿಯರಿಬ್ಬರು ಹಿಡಿದರೆ ಅದೇ ಪರದೆ. ಇನ್ನೊಂದು ಮಾತು: ಮೂತ್ರಕ್ಕೆ ಹೋಗಲು ಹಾರ್ನೆಸ್ ಪೂರ್ತಿ ಬಿಚ್ಚಬೇಕಾಗಿಲ್ಲ. ಬಹಳಷ್ಟು ಹಾರ್ನೆಸ್‌ಗಳಲ್ಲಿ ತೊಡೆಪಟ್ಟಿಗೂ ಸೊಂಟದ ಪಟ್ಟಿಗೂ ನಡುವೆ ಹಿಂದೆ ಎಲಾಸ್ಟಿಕ್ ಇರುತ್ತದೆ. ಅದನ್ನು ಬಿಚ್ಚಿದರೆ ತೊಡೆಪಟ್ಟಿ ಕೆಳಗೆ ಜಾರುತ್ತದೆ. ಬಾದಾಮಿಯ ಬುಡದಲ್ಲಿ ಹಾರ್ನೆಸ್ ತೆಗೆದರೂ ನಡೆಯುತ್ತದೆ. ಆದರೆ ಮುಂದೆ ಸಾವನದುರ್ಗದ ಉದ್ದ ರೂಟ್‌ಗಳಲ್ಲಿ ನಡುವೆ ನಿಂತಾಗ ಸೊಂಟದ ಪಟ್ಟಿ ಬಿಚ್ಚುವ ಹಾಗೇ ಇಲ್ಲ. ಸೊಂಟದಲ್ಲಿ ಎಲಾಸ್ಟಿಕ್ ಇರುವ ಪ್ಯಾಂಟ್ ಹಾಕಿ, ಮನೆಯಲ್ಲಿ ಒಂದು ಸಲ ಅಭ್ಯಾಸ ಮಾಡಿ. ಇದಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ಇರುವ ಹುಡುಗಿಯರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ.

ಬಾದಾಮಿಯಲ್ಲಿ ನೀವು ಬಂಡೆಗೆ ಹೋಗುವುದು ಊರಿನ ಓಣಿಗಳ ನಡುವೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಸುತ್ತ ಗುಡಿಗಳಿವೆ. ಬಂಡೆಯ ಬುಡದಲ್ಲಿ ಏನು ಬೇಕಾದರೂ ಹಾಕಿ. ಊರೊಳಗೆ ಹೋಗಿ ಬರುವಾಗ ಮೇಲೆ ಒಂದು ಅಂಗಿ ಇರಲಿ. ಕ್ಲೈಂಬರ್‌ಗಳ ಬಗ್ಗೆ ಊರಿನವರಿಗೆ ಒಳ್ಳೆಯ ಅಭಿಪ್ರಾಯ ಉಳಿಯುವುದು ನಮ್ಮೆಲ್ಲರಿಗೂ ಮುಖ್ಯ. ಕೋತಿಗಳ ಕಾಟವೂ ಇದೆ, ಬಿಚ್ಚಿಟ್ಟ ಸ್ವೆಟರ್ ಜೇಬಿನಲ್ಲಿ ಬಿಸ್ಕತ್ತು ಬಿಡಬೇಡಿ.

ಬೇರೆ ಕಡೆ ಹೋಗುವಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸಾವನದುರ್ಗ, ರಾಮನಗರದ ಇಳಿಜಾರು ಗ್ರಾನೈಟ್ ಮೇಲೆ ಜಾರಿದರೆ ಗಾಳಿಯಲ್ಲಿ ನೇತಾಡುವುದಿಲ್ಲ, ಬಂಡೆಗೆ ಉಜ್ಜಿಕೊಂಡೇ ಕೆಳಗೆ ಬರುತ್ತೀರಿ. ಅಲ್ಲಿ ಉದ್ದ ಪ್ಯಾಂಟ್, ಉದ್ದ ತೋಳು ಬೇಕೇ ಬೇಕು. ಆ ಬಂಡೆಗಳಲ್ಲಿ ಹೆಜ್ಜೇನು ಗೂಡುಗಳೂ ಇರುತ್ತವೆ. ಜೇನುಹುಳಗಳಿಗೆ ಗಾಢ ಬಣ್ಣ ಕಂಡರೆ ಸಿಟ್ಟು ಜಾಸ್ತಿ, ಘಾಟು ವಾಸನೆಯೂ ಆಗದು. ತಿಳಿ ಬಣ್ಣದ ಬಟ್ಟೆ ಹಾಕಿ, ಸೆಂಟು, ಪರಿಮಳದ ಎಣ್ಣೆ ಬಿಡಿ. ಆದರೆ ಗೂಡು ಕಂಡರೆ ಯಾವ ಬಟ್ಟೆಯೂ ಕಾಯುವುದಿಲ್ಲ, ಆ ರೂಟ್ ಬಿಟ್ಟು ಬೇರೆ ಕಡೆ ಹೋಗಿ. ಹಂಪಿಯ ಬೌಲ್ಡರಿಂಗ್‌ನಲ್ಲಿ (ಹಗ್ಗ ಇಲ್ಲದೆ ಗುಂಡುಕಲ್ಲು ಹತ್ತುವುದು) ಹಾರ್ನೆಸ್ಸೇ ಇಲ್ಲ, ಹಾಗಾಗಿ ಬಟ್ಟೆ ಆಯ್ಕೆ ಸಲೀಸು. ಗುಂಡುಕಲ್ಲಿನ ತುದಿಗೆ ಹೊಟ್ಟೆ ಉಜ್ಜುತ್ತಾ ಹತ್ತಬೇಕಾಗುವುದರಿಂದ ಒಳ್ಳೆಯ ಟೀ ಶರ್ಟ್ ಮಾತ್ರ ಹಾಕಬೇಡಿ.

ಡಿಸೆಂಬರ್ ಹೊತ್ತಿಗೆ ಹೊಸದಾಗಿ ಏನಾದರೂ ಕೊಳ್ಳಲೇಬೇಕು ಅಂದರೆ ಮೊದಲ ದುಡ್ಡು ಹೆಲ್ಮೆಟ್‌ಗೆ. ಆಮೇಲೆ ಬಿಲೇ ಮಾಡಲು ಚರ್ಮದ ಒಂದು ಜೊತೆ ಗ್ಲೌಸ್. ಸಿಂಥೆಟಿಕ್ ಗ್ಲೌಸ್ ಬೇಡ, ಹಗ್ಗ ಜೋರಾಗಿ ಜಾರಿದರೆ ಅದರ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಪ್ಯಾಂಟ್ ಟೈಲರ್ ಹತ್ತಿರ ಆಯಿತು, ಅಂಗಿ ಮನೆಯಲ್ಲೇ ಇದೆ. ಕ್ಲೈಂಬಿಂಗ್ ಪ್ಯಾಂಟ್‌ಗೆ ದುಡ್ಡು ಹಾಕುವುದನ್ನು ಮುಂದಿನ ಸೀಸನ್‌ವರೆಗೆ ತಡೆಯಿರಿ. ಅಷ್ಟು ಹೊತ್ತಿಗೆ ನಿಮಗೆ ಮರಳುಗಲ್ಲು ಇಷ್ಟವೋ ಗ್ರಾನೈಟ್ ಇಷ್ಟವೋ ಗೊತ್ತಾಗಿರುತ್ತದೆ, ಬಟ್ಟೆ ಎಷ್ಟು ದಪ್ಪ ಬೇಕು ಅನ್ನುವುದೂ ಆಗಲೇ ತಿಳಿಯುವುದು.